ಸರಾಸರಿಯಿಂದ ಹೊಟ್ಟೆ ತುಂಬದು

ಸರ್ಕಾರ ತೆರಿಗೆ ಹಾಕುವಾಗಲೂ ಲೆಕ್ಕ ಹೇಳುತ್ತದೆ, ಪಿಂಚಣಿ ಹೆಚ್ಚಿಸಲಾರೆ ಎನ್ನುವಾಗಲೂ ಲೆಕ್ಕ ಹೇಳುತ್ತದೆ. ಆ ಲೆಕ್ಕ ಮಾಡಿದವರು ಅರ್ಥಶಾಸ್ತ್ರ ಬಲ್ಲವರು, ದೊಡ್ಡ ಪದವಿ ಪಡೆದವರು ಎಂದು ಕೇಳಿದೊಡನೆ ಗಿರಣಿಯ ಕಾರ್ಮಿಕನೂ ಪೇಟೆಯ ಸಣ್ಣ ವರ್ತಕನೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಇದೆಲ್ಲ ನಮಗೆಲ್ಲಿ ತಿಳಿದೀತು ಎಂಬ ಸಂಕೋಚ ಅವರದು. ಈ ಸಂಕೋಚವನ್ನು ಬಿಡಿ ಎಂದು ಹೇಳುವುದಕ್ಕಾಗಿಯೇ ನಾವು ಇದನ್ನು ಬರೆಯುತ್ತಿದ್ದೇವೆ. ದಿನವೂ ಗಲ್ಲೆ ಎಣಿಸುವ ಅಂಗಡಿಯವನಿಗೂ, ವಾರದ ಸಂತೆಯ ಖರ್ಚನ್ನು ಬೆರಳ ಮೇಲೆ ಕೂಡಿಸಿ ಕಳೆಯುವ ಮನೆಯಾಕೆಗೂ ಅರ್ಥಶಾಸ್ತ್ರ ಹೊಸತಲ್ಲ. ಅವರಿಗೆ ಅದರ ಹೆಸರು ಗೊತ್ತಿಲ್ಲ, ಅಷ್ಟೆ.

ನಾವು ಸಂಶೋಧನೆಯನ್ನು ಹೀಗಳೆಯುವವರಲ್ಲ. ಅಳೆಯದೆ ಹೊಲಿದ ಅಂಗಿ ಮೈಗೆ ಕೂಡುವುದಿಲ್ಲ, ಎಣಿಸದೆ ಮಾಡಿದ ಕಾನೂನೂ ಜನಕ್ಕೆ ಕೂಡುವುದಿಲ್ಲ. ನಾವು ಕೇಳುವ ಪ್ರಶ್ನೆ ಮೂರೇ. ಅಳೆದವರು ಏನನ್ನು ಅಳೆದರು? ಅಳೆದದ್ದನ್ನು ಜನರ ಮುಂದೆ ಇಟ್ಟರೇ? ಇಟ್ಟದ್ದರಲ್ಲಿ ಯಾವುದನ್ನು ಜಾರಿಗೆ ತಂದು ಯಾವುದನ್ನು ಮೂಲೆಗೆ ಒತ್ತಿದರು?

ಮೂರಾಣೆಯೋ ಹದಿನೈದಾಣೆಯೋ

1963ರಲ್ಲಿ ಉಪಚುನಾವಣೆ ಗೆದ್ದು ಲೋಕಸಭೆಗೆ ಬಂದ ಡಾ. ರಾಮಮನೋಹರ ಲೋಹಿಯಾ ಅವರು ಸಭೆಯಲ್ಲಿ ಒಂದು ಲೆಕ್ಕವನ್ನು ಇಟ್ಟರು. ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದರು. ಪ್ರಧಾನಿ ನೆಹರೂ ಅವರು ಮೂರಾಣೆಯಲ್ಲ, ಹದಿನೈದಾಣೆ ಎಂದರು. ಯೋಜನಾ ಸಚಿವರಾಗಿದ್ದ ಗುಲ್ಜಾರಿಲಾಲ್ ನಂದಾ ಅವರ ಬಾಯಿಂದ ಬಂದದ್ದು ಏಳೂವರೆ ಆಣೆ. ಒಂದೇ ದೇಶ, ಒಂದೇ ವರ್ಷ, ಮೂರು ಲೆಕ್ಕ!

ಇವರಲ್ಲಿ ಯಾರೂ ಸುಳ್ಳು ಹೇಳಬೇಕೆಂದು ಹೇಳಿದವರಲ್ಲ. ಹದಿನೈದಾಣೆ ಎಂಬುದು ಇಡೀ ದೇಶದ ಸರಾಸರಿ. ಅದರಲ್ಲಿ ಗಿರಣಿ ಮಾಲೀಕನೂ ಸೇರಿದ್ದ, ಗಿರಣಿಯ ಬಾಗಿಲಲ್ಲಿ ಹಮಾಲಿ ಮಾಡುವವನೂ ಸೇರಿದ್ದ. ಲೋಹಿಯಾ ಅವರು ಕೇಳಿದ್ದು ಬೇರೆ ಪ್ರಶ್ನೆ: ಕೆಳಗಿರುವವನ ಕೈಗೆ ಎಷ್ಟು ಬರುತ್ತದೆ? ಒಂಬತ್ತು ಜನ ಕಾರ್ಮಿಕರಿಗೆ ದಿನಕ್ಕೆ 500 ರೂಪಾಯಿ, ಅವರ ಮಾಲೀಕನಿಗೆ 95,500 ರೂಪಾಯಿ ಬಂತು ಎನ್ನಿ. ಹತ್ತೂ ಜನರ ಸರಾಸರಿ ತೆಗೆದರೆ ತಲೆಗೆ 10,000 ರೂಪಾಯಿ! ಲೆಕ್ಕದಲ್ಲಿ ಒಂದು ಪೈಸೆಯ ತಪ್ಪಿಲ್ಲ. ಆದರೆ ಆ ಸರಾಸರಿಯನ್ನು ಹಿಡಿದುಕೊಂಡು ಹೋದರೆ ಒಂಬತ್ತು ಮನೆಯಲ್ಲಿ ಒಂದು ಮನೆಯ ಒಲೆಯೂ ಹೊತ್ತುವುದಿಲ್ಲ.

ಆ ಚರ್ಚೆ ವ್ಯರ್ಥವಾಗಲಿಲ್ಲ. ಯೋಜನೆಗಳಿಂದ ಹೆಚ್ಚಿದ ಆದಾಯ ಯಾರ ಮನೆ ಸೇರಿತು ಎಂಬುದನ್ನು ನೋಡಲು 1960ರಲ್ಲೇ ನೇಮಕಗೊಂಡಿದ್ದ ಮಹಾಲನೋಬಿಸ್ ಸಮಿತಿ 1964ರಲ್ಲಿ ವರದಿ ಕೊಟ್ಟಿತು. 1971ರಲ್ಲಿ ಪುಣೆಯ ದಾಂಡೇಕರ್ ಮತ್ತು ರಥ್ ಎಂಬ ಇಬ್ಬರು ವಿದ್ವಾಂಸರು, 1960-61ರ ಬೆಲೆಯಲ್ಲಿ ಹಳ್ಳಿಯವನಿಗೆ ತಿಂಗಳಿಗೆ 15 ರೂಪಾಯಿ, ಪಟ್ಟಣದವನಿಗೆ 22 ರೂಪಾಯಿ 50 ಪೈಸೆ ಇಲ್ಲದಿದ್ದರೆ ಹೊಟ್ಟೆಗೆ ಬೇಕಾದಷ್ಟು ಸಿಗದು ಎಂದು ಲೆಕ್ಕ ಹಾಕಿ ತೋರಿಸಿದರು. ಸರಾಸರಿಯನ್ನು ಬಿಟ್ಟು ಕೆಳಗಿನವನನ್ನು ನೋಡುವ ಸಂಶೋಧನೆಗೆ ಇದೊಂದು ದೊಡ್ಡ ಹೆಜ್ಜೆ. ಪ್ರಶ್ನೆ ಸರಿಯಾಗಿದ್ದರೆ ಉತ್ತರವೂ ಸರಿದಾರಿಗೆ ಬರುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಅಟ್ಟಕ್ಕೆ ಏರಿದ ಸಮೀಕ್ಷೆ

ಈ ಲೆಕ್ಕಗಳೆಲ್ಲ ನಿಂತಿರುವುದು ಮನೆ ಮನೆಗೆ ಹೋಗಿ ಏನು ತಿಂದಿರಿ, ಏನು ಕೊಂಡಿರಿ ಎಂದು ಕೇಳಿ ಬರೆದುಕೊಳ್ಳುವ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮೇಲೆ. 1950ರಲ್ಲಿ ಆರಂಭವಾದ ಈ ಸಮೀಕ್ಷೆಯನ್ನು ಹೊರದೇಶದ ಪಂಡಿತರೂ ಮೆಚ್ಚಿಕೊಂಡಿದ್ದುಂಟು. ಆದರೆ 2017-18ರಲ್ಲಿ ಮಾಡಿದ ಖರ್ಚಿನ ಸಮೀಕ್ಷೆಯನ್ನು ಪ್ರಕಟಿಸುವುದಿಲ್ಲವೆಂದು ಕೇಂದ್ರ ಸರ್ಕಾರ 2019ರ ನವೆಂಬರಿನಲ್ಲಿ ಹೇಳಿತು. ಅಂಕಿಗಳ ಗುಣಮಟ್ಟ ಸರಿಯಿಲ್ಲವೆಂಬುದು ಅದು ಕೊಟ್ಟ ಕಾರಣ. ದೋಷವಿದ್ದರೆ ದೋಷದ ಸಮೇತ ಪ್ರಕಟಿಸಿ, ವಿದ್ವಾಂಸರು ತಿದ್ದಲಿ ಎಂದು ಹಲವು ಅರ್ಥಶಾಸ್ತ್ರಜ್ಞರು ಕೇಳಿಕೊಂಡರು. ಆ ಮಾತು ನಡೆಯಲಿಲ್ಲ. ಹೀಗಾಗಿ 2011-12ರ ನಂತರ ಜನರ ಕೈಗೆ ಸಿಕ್ಕ ಮುಂದಿನ ಲೆಕ್ಕ 2022-23ರದು. ಅದರ ಮುಖ್ಯಾಂಶ ಹೊರಬಂದದ್ದು 2024ರಲ್ಲಿ. ನಡುವೆ ನೋಟು ರದ್ದತಿ ಬಂತು, ಜಿಎಸ್‌ಟಿ ಬಂತು, ಕೊರೋನಾ ಬಂತು. ದೇಶದ ಬಡವ ಏನನ್ನು ಉಂಡ, ಏನನ್ನು ಬಿಟ್ಟ ಎಂಬ ಲೆಕ್ಕವಿಲ್ಲದೆಯೇ ಇಷ್ಟೆಲ್ಲ ನಡೆದುಹೋಯಿತು. ಖಾತೆ ಪುಸ್ತಕವನ್ನು ಹನ್ನೊಂದು ವರ್ಷ ಬಿಚ್ಚದ ಅಂಗಡಿಯವನನ್ನು ಪೇಟೆಯವರು ಏನೆಂದಾರು?

ಆ 2022-23ರ ಸಮೀಕ್ಷೆ ಹೇಳುವುದನ್ನು ನೋಡೋಣ. ಹಳ್ಳಿಗಾಡಿನಲ್ಲಿ ಒಬ್ಬನ ತಿಂಗಳ ಸರಾಸರಿ ಖರ್ಚು 3,773 ರೂಪಾಯಿ, ಪಟ್ಟಣದಲ್ಲಿ 6,459 ರೂಪಾಯಿ. ಇದು ಹದಿನೈದಾಣೆಯ ಲೆಕ್ಕ. ಈಗ ಮೂರಾಣೆಯ ಲೆಕ್ಕ ಕೇಳಿ. ಹಳ್ಳಿಯಲ್ಲಿ ಅತ್ಯಂತ ಕೆಳಗಿರುವ ಶೇಕಡಾ 5ರಷ್ಟು ಜನರ ಖರ್ಚು ತಲೆಗೆ 1,373 ರೂಪಾಯಿ. ಪಟ್ಟಣದಲ್ಲಿ ಅದೇ ಸಾಲಿನವರದು 2,001 ರೂಪಾಯಿ. ಪಟ್ಟಣದಲ್ಲಿ ಮೇಲಿನ ಶೇಕಡಾ 5ರಷ್ಟು ಜನರದು 20,824 ರೂಪಾಯಿ. ಓದುಗರು 1,373 ಎಂಬ ಅಂಕಿಯನ್ನು ನೆನಪಿನಲ್ಲಿಡಬೇಕು. ಈಗಲೇ ಅದು ಕೆಲಸಕ್ಕೆ ಬರುತ್ತದೆ.

ಸಾವಿರ ರೂಪಾಯಿಯ ಮುಪ್ಪು

ಗಿರಣಿಯಲ್ಲಿ ದುಡಿದವನಿಗೆ ಮುಪ್ಪಿನಲ್ಲಿ ಆಸರೆಯಾಗಲೆಂದು 1995ರ ನವೆಂಬರಿನಲ್ಲಿ ನೌಕರರ ಪಿಂಚಣಿ ಯೋಜನೆ ಬಂತು. ಕಾರ್ಮಿಕನ ಲೆಕ್ಕಕ್ಕೆ ಮಾಲೀಕ ಕಟ್ಟುವ ಭವಿಷ್ಯ ನಿಧಿಯಿಂದ ಶೇಕಡಾ 8.33 ಇದಕ್ಕೆ ಹೋಗುತ್ತದೆ, ಸರ್ಕಾರ ಶೇಕಡಾ 1.16 ಸೇರಿಸುತ್ತದೆ ಎಂಬುದು ಅದರ ಕಟ್ಟು. ಪಿಂಚಣಿ ಗೊತ್ತುಮಾಡುವ ಸೂತ್ರ ಸರಳ: ಲೆಕ್ಕಕ್ಕೆ ಹಿಡಿದ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು.

ಮೋಸ ಇರುವುದು ಸೂತ್ರದಲ್ಲಲ್ಲ, ಲೆಕ್ಕಕ್ಕೆ ಹಿಡಿದ ಸಂಬಳದಲ್ಲಿ. 2001ರಿಂದ 2014ರ ವರೆಗೆ ಆ ಸಂಬಳದ ಮಿತಿ 6,500 ರೂಪಾಯಿ. ಕೈಗೆ ಹೆಚ್ಚು ಬಂದರೂ ಲೆಕ್ಕಕ್ಕೆ ಅಷ್ಟೇ. 6,500ನ್ನು 20 ವರ್ಷದ ಸೇವೆಯಿಂದ ಗುಣಿಸಿ 70ರಿಂದ ಭಾಗಿಸಿ ನೋಡಿ, 1,857 ರೂಪಾಯಿ ಬರುತ್ತದೆ. ಸೇವೆ ಇನ್ನೂ ಕಡಿಮೆಯಿದ್ದವರಿಗೆ, ಗಿರಣಿ ನಡುವೆ ಮುಚ್ಚಿಹೋದವರಿಗೆ, ನಾಲ್ಕು ನೂರು ಐದು ನೂರು ಬರುತ್ತಿದ್ದುದೂ ಉಂಟು. 2014ರ ಸೆಪ್ಟೆಂಬರಿನಲ್ಲಿ ಮಿತಿಯನ್ನು 15,000ಕ್ಕೆ ಏರಿಸಿ, ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿ ಮಾಡಿದರು. ಅದಕ್ಕೆ ಹಿಂದಿನ ವರ್ಷವೇ, 2013ರಲ್ಲಿ, ರಾಜ್ಯಸಭೆಯ ಅರ್ಜಿಗಳ ಸಮಿತಿ ಕನಿಷ್ಠ 3,000 ರೂಪಾಯಿ ಕೊಡಿ, ಬೆಲೆ ಏರಿದಂತೆ ಭತ್ಯೆಯನ್ನೂ ಸೇರಿಸಿ ಎಂದು ಶಿಫಾರಸು ಮಾಡಿತ್ತು. ಸಂಸತ್ತಿನ ಸಮಿತಿ ಕೇಳಿದ್ದು ಮೂರು ಪಾಲು, ಕೊಟ್ಟದ್ದು ಒಂದು ಪಾಲು.

ಸಾವಿರವೂ ಸಾವಿರವಾಗಿ ಉಳಿಯಿತೇ? ಕಾರ್ಮಿಕರ ತುಟ್ಟಿಭತ್ಯೆಯನ್ನು ಗೊತ್ತುಮಾಡಲು ಕೇಂದ್ರದ ಕಾರ್ಮಿಕ ಬ್ಯೂರೋ ತಿಂಗಳು ತಿಂಗಳೂ ಬೆಲೆ ಸೂಚ್ಯಂಕ ಹೊರಡಿಸುತ್ತದೆ. ಅದರ ಪ್ರಕಾರ 2014ರ ಸೆಪ್ಟೆಂಬರಿನಿಂದ 2024ರ ಸೆಪ್ಟೆಂಬರಿನ ವರೆಗೆ ಕಾರ್ಮಿಕರು ಕೊಳ್ಳುವ ಸಾಮಾನಿನ ಬೆಲೆ ಶೇಕಡಾ 60ಕ್ಕೂ ಮೇಲೆ ಏರಿತು. ಅಂದರೆ ಹತ್ತು ವರ್ಷದ ಕೊನೆಗೆ ಆ ಸಾವಿರದಿಂದ ಸಿಕ್ಕದ್ದು ಹಳೆಯ ಲೆಕ್ಕದ ಸುಮಾರು ಆರುನೂರು ರೂಪಾಯಿಯ ಸಾಮಾನು. ಸರ್ಕಾರಿ ನಿವೃತ್ತರಿಗೆ ಇದೇ ಸೂಚ್ಯಂಕವನ್ನು ಹಿಡಿದು ವರ್ಷಕ್ಕೆ ಎರಡು ಬಾರಿ ಭತ್ಯೆ ಏರಿಸುತ್ತಾರೆ. ಏರಿಸಲಿ, ಅದಕ್ಕೆ ನಮ್ಮ ತಕರಾರಿಲ್ಲ. ಸೂಚ್ಯಂಕಕ್ಕಾಗಿ ಅಕ್ಕಿ, ಬೇಳೆ, ಎಣ್ಣೆಯ ಬೆಲೆ ಬರೆದುಕೊಳ್ಳುವುದು ಗಿರಣಿ ಕಾರ್ಮಿಕರು ಕೊಳ್ಳುವ ಪೇಟೆಯಲ್ಲಿ. ಆ ಸೂಚ್ಯಂಕದ ಫಲ ಅದೇ ಗಿರಣಿಯಿಂದ ನಿವೃತ್ತನಾದವನಿಗೆ ಇಲ್ಲವೆಂದರೆ ಅದು ಯಾವ ನ್ಯಾಯ?

ಈಗ 1,373ಕ್ಕೆ ಬನ್ನಿ. 2022-23ರಲ್ಲಿ ಹಳ್ಳಿಯ ಕಡುಬಡವನ ಖರ್ಚು ತಲೆಗೆ 1,373 ರೂಪಾಯಿ. ಅದೇ ವರ್ಷ, ಹತ್ತು ವರ್ಷಕ್ಕೆ ಕಡಿಮೆಯಿಲ್ಲದಂತೆ ದುಡಿದು ನಿಧಿಗೆ ಹಣ ಕಟ್ಟಿದವನ ಕನಿಷ್ಠ ಪಿಂಚಣಿ 1,000 ರೂಪಾಯಿ. ಗಂಡಹೆಂಡಿರಿಬ್ಬರು ಅದರಲ್ಲೇ ಬದುಕಬೇಕಾದರೆ ತಲೆಗೆ 500. ಸರ್ಕಾರದ್ದೇ ಸಮೀಕ್ಷೆ, ಸರ್ಕಾರದ್ದೇ ಪಿಂಚಣಿ. ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದರೆ ಸಾಕು, ಬೇರೆ ವಾದ ಬೇಕಿಲ್ಲ.

ನಿಧಿಯಲ್ಲಿ ಹಣ ಸಾಲದು, ವಿಮಾ ಗಣಿತಜ್ಞರು ಕೊರತೆ ತೋರಿಸಿದ್ದಾರೆ ಎಂದು ಸರ್ಕಾರ ಉತ್ತರ ಹೇಳುತ್ತದೆ. ಈ ಉತ್ತರವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಬರಿದಾದ ನಿಧಿಯಿಂದ ನಾಳೆಯ ಮುದುಕನಿಗೂ ಕೇಡು. ಆದರೆ ಗಣಿತಜ್ಞ ಹೇಳುವುದು ಕೊರತೆ ಎಷ್ಟು ಎಂಬುದನ್ನು ಮಾತ್ರ. ಅದನ್ನು ಯಾರು ತುಂಬಬೇಕು ಎಂದು ಹೇಳುವುದು ಗಣಿತವಲ್ಲ, ರಾಜಕೀಯ. ಕಾರ್ಮಿಕ ಕಡಿಮೆ ಉಣ್ಣುವುದರಿಂದಲೂ ಕೊರತೆ ತುಂಬಬಹುದು, ಸರ್ಕಾರ ತನ್ನ ಶೇಕಡಾ 1.16ನ್ನು ಹೆಚ್ಚಿಸುವುದರಿಂದಲೂ ತುಂಬಬಹುದು. ಮೊದಲನೆಯ ದಾರಿಯನ್ನೇ ಹಿಡಿದು, ಅದೇ ಶಾಸ್ತ್ರ ಎಂದು ಹೇಳುವುದನ್ನು ನಾವು ಒಪ್ಪುವುದಿಲ್ಲ.

ಸೂಚ್ಯಂಕದ ಒಳಗೂ ಒಂದು ಮಾತಿದೆ. 1857ರಲ್ಲಿಯೇ ಜರ್ಮನಿಯ ಎಂಗೆಲ್ ಎಂಬ ಅಂಕಿ-ಅಂಶ ಪಂಡಿತ ಬೆಲ್ಜಿಯಂ ಕಾರ್ಮಿಕರ ಮನೆಖರ್ಚನ್ನು ಪರಿಶೀಲಿಸಿ, ಆದಾಯ ಕಡಿಮೆಯಾದಷ್ಟೂ ಅದರಲ್ಲಿ ಊಟಕ್ಕೆ ಹೋಗುವ ಪಾಲು ಹೆಚ್ಚು ಎಂದು ತೋರಿಸಿದ. ನಮ್ಮ ಕಾರ್ಮಿಕ ಸೂಚ್ಯಂಕದಲ್ಲಿ 2001ನ್ನು ಆಧಾರ ವರ್ಷವಾಗಿ ಹಿಡಿದಾಗ ಆಹಾರದ ಪಾಲು ಶೇಕಡಾ 46.2 ಇತ್ತು. 2016ನ್ನು ಆಧಾರವಾಗಿ ಹಿಡಿದ ಮೇಲೆ ಅದು 39.17ಕ್ಕೆ ಇಳಿಯಿತು. ಒಟ್ಟು ಕಾರ್ಮಿಕರ ಸರಾಸರಿಗೆ ಅದು ಸರಿಯಿರಬಹುದು. ಸಾವಿರ ರೂಪಾಯಿಯ ಮುದುಕನ ಮನೆಯಲ್ಲಿ ಅಕ್ಕಿ ಬೇಳೆಯ ಪಾಲು ಎಷ್ಟೆಂದು ಬೇರೆಯಾಗಿ ಕೇಳಿದವರುಂಟೇ?

ತೆರಿಗೆಯ ಬಲೆ

ಹಣ ಎಲ್ಲಿಂದ ತರುವುದು ಎಂಬುದು ಮುಂದಿನ ಪ್ರಶ್ನೆ. ಇದಕ್ಕೂ ಒಂದು ಹಳೆಯ ಸಂಶೋಧನೆ ಇದೆ. 1956ರಲ್ಲಿ ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡೋರ್ ಭಾರತಕ್ಕೆ ಬಂದು ನಮ್ಮ ತೆರಿಗೆ ಪದ್ಧತಿಯನ್ನು ಪರಿಶೀಲಿಸಿ ವರದಿ ಕೊಟ್ಟರು. ಶ್ರೀಮಂತನಿಗೆ ಆದಾಯ ತೆರಿಗೆಯೊಂದನ್ನೇ ಹಾಕಿದರೆ ಅವನು ನುಣುಚಿಕೊಳ್ಳುತ್ತಾನೆ, ಆದ್ದರಿಂದ ಆದಾಯ, ಆಸ್ತಿಯ ಮಾರಾಟದ ಲಾಭ, ಸಂಪತ್ತು, ವೆಚ್ಚ, ದಾನ ಈ ಐದರ ಮೇಲೂ ಒಟ್ಟಿಗೆ ತೆರಿಗೆ ಹಾಕಿ, ಒಂದರಲ್ಲಿ ಮುಚ್ಚಿಟ್ಟದ್ದು ಇನ್ನೊಂದರಲ್ಲಿ ಬಯಲಾಗಲಿ ಎಂಬುದು ಅವರ ಸಲಹೆ. ಹಾಗೆ ಮಾಡಿದರೆ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇಕಡಾ 45ಕ್ಕೆ ಇಳಿಸಬಹುದು ಎಂದೂ ಹೇಳಿದರು. ಅದು ಬಲೆ ಹೆಣೆಯುವ ಮಾತು.

ಸರ್ಕಾರ ಬಲೆಯನ್ನು ಹೆಣೆಯಿತು. 1957ರಲ್ಲಿ ಸಂಪತ್ತಿನ ತೆರಿಗೆ ಮತ್ತು ವೆಚ್ಚದ ತೆರಿಗೆ, 1958ರಲ್ಲಿ ದಾನ ತೆರಿಗೆ ಬಂದವು. ಆಮೇಲೆ ಒಂದೊಂದೇ ಕಣ್ಣನ್ನು ಬಿಚ್ಚಿತು. ವೆಚ್ಚದ ತೆರಿಗೆ 1962ರಲ್ಲಿ ಹೋಗಿ, 1964ರಲ್ಲಿ ಬಂದು, 1966ರಲ್ಲಿ ಮತ್ತೆ ಹೋಯಿತು. ಮರಣಾನಂತರ ಆಸ್ತಿಯ ಮೇಲಿನ ಸುಂಕ 1985ರಲ್ಲಿ, ದಾನ ತೆರಿಗೆ 1998ರಲ್ಲಿ, ಸಂಪತ್ತಿನ ತೆರಿಗೆ 2015ರಲ್ಲಿ ರದ್ದಾದವು. ಸಂಪತ್ತಿನ ತೆರಿಗೆಯಿಂದ 2013-14ರಲ್ಲಿ ಬಂದದ್ದು ಬರೀ 1,008 ಕೋಟಿ, ವಸೂಲಿಯ ಖರ್ಚೇ ಹೆಚ್ಚು ಎಂಬ ಕಾರಣ ಕೊಟ್ಟರು. ಅದಕ್ಕೆ ಬದಲಾಗಿ ಕೋಟಿ ಮೀರಿದ ಆದಾಯದವರ ಮೇಲೆ ಶೇಕಡಾ 2 ಹೆಚ್ಚು ಮೇಲ್ತೆರಿಗೆ ಹಾಕಿದರೆಂಬುದನ್ನೂ ಹೇಳುವುದು ನ್ಯಾಯ. ಆದರೆ ಬಲೆಯ ಕಣ್ಣನ್ನು ತಾನೇ ಹರಿದು, ಮೀನು ಸಿಗಲಿಲ್ಲ, ಆದ್ದರಿಂದ ಬಲೆಯೇ ಬೇಡ ಎನ್ನುವ ಬೆಸ್ತನನ್ನು ಯಾರೂ ಜಾಣನೆನ್ನರು.

ಇನ್ನೊಂದು ಕಡೆ ನೋಡಿ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಮೈಸೋಪಿಗೂ ಹಲ್ಲುಜ್ಜುವ ಪೇಸ್ಟಿಗೂ ಶೇಕಡಾ 18 ತೆರಿಗೆ. ಅದು 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಂದು. ಎಂಟು ವರ್ಷ ಕೂಲಿಯವನೂ ಕೋಟ್ಯಧೀಶನೂ ಒಂದು ಸೋಪಿಗೆ ಒಂದೇ ತೆರಿಗೆ ಕೊಟ್ಟರು. ಅದೇ ಅವಧಿಯಲ್ಲಿ, 2019ರ ಸೆಪ್ಟೆಂಬರಿನಲ್ಲಿ, ಕಂಪೆನಿಗಳ ತೆರಿಗೆಯನ್ನು ಶೇಕಡಾ 30ರಿಂದ 22ಕ್ಕೆ ಒಂದೇ ದಿನದಲ್ಲಿ ಇಳಿಸಿದರು. ಇದರಿಂದ ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಎಂದು ಅಂದಾಜು ಹೇಳಿದ್ದು ಸರ್ಕಾರವೇ. ದೇಶದ ಬಡ ವೃದ್ಧರು, ವಿಧವೆಯರು, ಅಂಗವಿಕಲರಿಗೆಲ್ಲ ಸೇರಿ ಕೇಂದ್ರ 2024-25ರ ಮುಂಗಡ ಪತ್ರದಲ್ಲಿ ಸಾಮಾಜಿಕ ನೆರವಿಗೆಂದು ತೆಗೆದಿಟ್ಟದ್ದು 9,652 ಕೋಟಿ. ಅದರ ಹದಿನೈದು ಪಟ್ಟು ಹಣ ಒಂದು ದಿನದ ಪ್ರಕಟಣೆಯಲ್ಲಿ ಹೋಯಿತು. ಅರವತ್ತು ದಾಟಿದ ಬಡವನಿಗೆ ಕೇಂದ್ರ ಕೊಡುವ ಪಾಲು 2007ರ ಹೊತ್ತಿಗೆ ತಿಂಗಳಿಗೆ 200 ರೂಪಾಯಿ ಆಗಿತ್ತು, 2024ರಲ್ಲೂ 200 ರೂಪಾಯಿಯೇ. ರಾಜ್ಯ ತನ್ನ ಪಾಲನ್ನು ಸೇರಿಸದಿದ್ದರೆ ಅದು ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯೂ ಅಲ್ಲ.

ಮೊಬೈಲಿನ ಲೆಕ್ಕ, ಅಂಗಡಿಯ ಲೆಕ್ಕ

ಸಣ್ಣ ವರ್ತಕರ ಮೇಲೆ ಲೆಕ್ಕ ಬಂದು ಬಿದ್ದ ಬಗೆ ಇನ್ನೂ ಹಸಿಯಾಗಿದೆ. 2025ರ ಜುಲೈಯಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಮೊಬೈಲ್ ಮೂಲಕ ಬಂದ ಯುಪಿಐ ಹಣದ ವಿವರವನ್ನು ತರಿಸಿಕೊಂಡು, ಬೇಕರಿ, ಚಹದ ಅಂಗಡಿ, ಕಿರಾಣಿಯವರಿಗೆಲ್ಲ ನೋಟೀಸು ಕೊಟ್ಟಿತು. ಸರಕು ಮಾರುವವನ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ಒದಗಿಸುವವನದು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕೆಂಬುದು ಕಾಯಿದೆ. ಕಾಯಿದೆಯನ್ನು ಪಾಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಮೊಬೈಲಿಗೆ ಬಂದ ಹಣವೆಲ್ಲ ವ್ಯಾಪಾರವೇ? ತಮ್ಮ ಕಳಿಸಿದ ಕೈಗಡ, ಮಗಳ ಮದುವೆಗೆ ನೆಂಟರು ಹಾಕಿದ ಹಣ, ಚೀಟಿಯ ಹಣ ಎಲ್ಲವೂ ಅದೇ ಖಾತೆಗೆ ಬೀಳುತ್ತವೆ. ವ್ಯಾಪಾರವೆಲ್ಲ ಲಾಭವೇ? 40 ಲಕ್ಷದ ಸಾಮಾನು ಮಾರಿದವನಿಗೆ ಉಳಿಯುವುದು ಎಷ್ಟೆಂದು ಪೇಟೆಯಲ್ಲಿ ಕೂತವರೆಲ್ಲ ಬಲ್ಲರು. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕನ್ನು ಮಾತ್ರ ಮಾರುವವನಿಗೆ ನೋಂದಣಿಯ ಹಂಗೇ ಇಲ್ಲ. ಅವನಿಗೂ ನೋಟೀಸು ಹೋದಾಗ ಪೇಟೆಯಲ್ಲಿ ಯುಪಿಐ ಫಲಕವನ್ನೇ ತೆಗೆದಿಟ್ಟು ನಗದು ಕೊಡಿ ಎನ್ನುವ ಸ್ಥಿತಿ ಬಂತು. ವರ್ತಕರು ಒಟ್ಟಾಗಿ ಪ್ರತಿಭಟಿಸಿದ ಮೇಲೆ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಹೇಳಬೇಕಾಯಿತು. ಅಂಕಿ ಇದ್ದರೆ ಸಾಲದು, ಅಂಕಿಯ ಹಿಂದಿನ ಬದುಕು ತಿಳಿದಿರಬೇಕೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ? ಅಂಗಡಿಗೆ ಒಂದು, ಮನೆಗೆ ಒಂದು ಎಂದು ಖಾತೆಯನ್ನು ಬೇರೆ ಇಟ್ಟುಕೊಳ್ಳುವುದು ವರ್ತಕರಿಗೂ ಒಳ್ಳೆಯದು ಎಂಬುದು ನಮ್ಮ ಸಲಹೆ.

ಮೊಟ್ಟೆ ಹೇಳಿಕೊಟ್ಟ ಪಾಠ

ಸಂಶೋಧನೆ ಬಡವನ ಪರವಾಗಿ ನಿಂತ ಉದಾಹರಣೆಯನ್ನೂ ಕೊಡೋಣ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮಧ್ಯಾಹ್ನದ ಊಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದರು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರಿಂದ ವಿರೋಧ ಬಂತು. ಆಗ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನೂ, ಸಿಗದಿದ್ದ ಗದಗಿನ ಮಕ್ಕಳನ್ನೂ ತೂಗಿ ಅಳೆದು ಹೋಲಿಸಿದರು. ಯಾದಗಿರಿಯ ಮಕ್ಕಳು ಹೆಚ್ಚು ಪುಷ್ಟಿಯಾಗಿ ಬೆಳೆದದ್ದು ಕಂಡುಬಂತು. 2022ರಲ್ಲಿ ಮೊಟ್ಟೆ ರಾಜ್ಯದ ಎಲ್ಲ ಜಿಲ್ಲೆಗಳ ಶಾಲೆಗೂ ಬಂತು.

ಇಲ್ಲಿ ಪ್ರಶ್ನೆ ಸರಿಯಾಗಿತ್ತು, ಅಳೆದದ್ದು ಮಗುವನ್ನೇ, ಫಲಿತಾಂಶ ಬಚ್ಚಿಡಲಿಲ್ಲ, ಮೂಲೆಗೂ ಒತ್ತಲಿಲ್ಲ. ಒಂದು ಮೊಟ್ಟೆ ಕೊಡಬೇಕಾದರೆ ಮಗುವನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಗುವ ನಾವು, 1.45 ಲಕ್ಷ ಕೋಟಿ ಬಿಟ್ಟುಕೊಡುವಾಗ ಕಂಪೆನಿಯನ್ನು ಯಾವ ತಕ್ಕಡಿಯ ಮೇಲೆ ನಿಲ್ಲಿಸಿದೆವು? ಆ ರಿಯಾಯಿತಿಯಿಂದ ಎಷ್ಟು ಕಾರ್ಖಾನೆ ಎದ್ದಿತು, ಎಷ್ಟು ಕೈಗೆ ಕೆಲಸ ಸಿಕ್ಕಿತು ಎಂದು ಊರೂರಿಗೆ ತೋರಿಸುವ ಲೆಕ್ಕವನ್ನು ಕೇಳುವ ಹಕ್ಕು ನಮಗಿದೆ. ಬಡವನಿಗೆ ಕೊಟ್ಟದ್ದಕ್ಕೆ ಪುಕ್ಕಟೆ ಎಂಬ ಹೆಸರು, ಬಲ್ಲಿದನಿಗೆ ಬಿಟ್ಟದ್ದಕ್ಕೆ ಪ್ರೋತ್ಸಾಹ ಎಂಬ ಹೆಸರು. ಹೆಸರು ಬೇರೆಯಾದರೂ ಹಣ ಹೋಗುವುದು ಒಂದೇ ಬೊಕ್ಕಸದಿಂದ.

ಆದ್ದರಿಂದ ನಾವು ಕೇಳುವುದು ಇಷ್ಟು. ಕಾರ್ಮಿಕರ ಕನಿಷ್ಠ ಪಿಂಚಣಿಯನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಬೇಕು, ಅದು ಎಂದಿಗೂ ದೇಶದ ಕಡುಬಡವನ ಖರ್ಚಿಗಿಂತ ಕೆಳಗಿಳಿಯಬಾರದು. ಜನರ ಹಣದಿಂದ ಮಾಡಿದ ಸಮೀಕ್ಷೆಯನ್ನು ಗೊತ್ತಾದ ದಿನ ಜನರಿಗೆ ಒಪ್ಪಿಸಬೇಕು, ದೋಷವಿದ್ದರೆ ದೋಷವನ್ನೂ ಹೇಳಬೇಕು. ವರ್ತಕನ ಮೇಲೆ ಅಂಕಿಯನ್ನು ಎಸೆಯುವ ಮೊದಲು ಅವನ ಮಾತನ್ನು ಕೇಳಬೇಕು. ದೊಡ್ಡವರಿಗೆ ಕೊಡುವ ರಿಯಾಯಿತಿಗೂ ಚಿಕ್ಕವರಿಗೆ ಕೊಡುವ ನೆರವಿಗೂ ಒಂದೇ ತಕ್ಕಡಿ ಇರಬೇಕು.

ಕೇಳುವುದರ ಜೊತೆಗೆ ನಾವೂ ಮಾಡಬೇಕಾದ ಕೆಲಸವಿದೆ. ಕಾರ್ಮಿಕ ಸಂಘಗಳು ನೂರು ಮನೆಗಳನ್ನು ಆರಿಸಿ ಮೂರು ತಿಂಗಳ ಖರ್ಚನ್ನು ಬರೆಸಲಿ: ಅಕ್ಕಿ ಎಷ್ಟು, ಬೇಳೆ ಎಷ್ಟು, ಔಷಧಿ ಎಷ್ಟು, ಬಾಡಿಗೆ ಎಷ್ಟು. ಅದರಲ್ಲಿ ಹತ್ತು ಮನೆಯಾದರೂ ನಿವೃತ್ತರದಾಗಿರಲಿ. ವರ್ತಕರ ಸಂಘ ಐವತ್ತು ಅಂಗಡಿಗಳ ವಹಿವಾಟನ್ನೂ ಉಳಿತಾಯವನ್ನೂ ಬರೆಸಲಿ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಮೇಷ್ಟರುಗಳನ್ನು ಕರೆದು ಕೂಡಿಸಿ ಕಳೆದು ಕೊಡಿ ಎಂದು ಕೇಳೋಣ. ಮುಂದಿನ ಸಲ ಮಂತ್ರಿಗಳೋ ಅಧಿಕಾರಿಗಳೋ ಊರಿಗೆ ಬಂದು ಸರಾಸರಿ ಹೇಳಿದಾಗ, ಜೈಕಾರ ಧಿಕ್ಕಾರ ಎರಡನ್ನೂ ಬದಿಗಿಟ್ಟು ನಮ್ಮ ಖಾತೆ ಪುಸ್ತಕವನ್ನು ಅವರ ಮುಂದೆ ಬಿಚ್ಚೋಣ. ಕಿರಾಣಿ ಅಂಗಡಿಯವನು ಉದ್ರಿ ಪುಸ್ತಕ ಬಿಚ್ಚಿದರೆ ಎಂಥ ದೊಡ್ಡ ಗಿರಾಕಿಯೂ ಸುಮ್ಮನೆ ಎದ್ದು ಹೋಗಲಾರ.